ಹಳ್ಳದ ಕೆಂಪು ಕಲ್ಲು

ಭದ್ರಾವತಿಯ ಕಾಗದನಗರದ ಕಾಳಮ್ಮ ಶಿವಮೊಗ್ಗದ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ಬೆಳಗಿನ ಬಸ್ಸಿನಲ್ಲಿ ಬಂದು, ಗಾಜಿನ ಸಾಮಾನು ತೊಳೆದು, ಸೂಕ್ಷ್ಮದರ್ಶಕಗಳನ್ನು ಒರೆಸಿಡುತ್ತಾ ಇಪ್ಪತ್ತೆರಡು ವರ್ಷ ಕಳೆದಿದ್ದರು. ಒಂದು ದಿನವೂ ಅವುಗಳೊಳಗೆ ಕಣ್ಣಿಟ್ಟು ನೋಡಿದವರಲ್ಲ.

ಕಳೆದ ಜನವರಿಯಲ್ಲಿ ಅಧ್ಯಯನ ಪ್ರವಾಸಕ್ಕೆಂದು ವಿದ್ಯಾರ್ಥಿಗಳ ಜೊತೆ ಮುರ್ಡೇಶ್ವರಕ್ಕೆ ಹೋದರು. ಅಲೆ ಹಿಂದೆ ಸರಿದ ಬಂಡೆಗಳ ಮೇಲೆ ಕಾವಿ ಬಳಿದ ಹಾಗೆ ಕೆಂಪು ಪದರ.

“ಇದು ಕಡಲ ಪಾಚಿ. ಬೇರಿಲ್ಲ, ಎಲೆಯಿಲ್ಲ. ಕಲ್ಲಿಗೆ ಅಂಟಿಕೊಂಡೇ ಬದುಕುತ್ತೆ” ಎಂದರು ಷಣ್ಮುಖಪ್ಪ ಮೇಷ್ಟ್ರು.

ಕಾಳಮ್ಮ ಬಗ್ಗಿ ನೋಡಿದರು. “ಸಾರ್, ಇದು ನಮ್ಮ ಗಾಜನೂರಿನ ಹಳ್ಳದಲ್ಲೂ ಇದೆ. ತವರಿಗೆ ಹೋದಾಗೆಲ್ಲ ನೋಡ್ತೀನಿ.”

“ಸಮುದ್ರದ್ದು ಹಳ್ಳಕ್ಕೆ ಹೇಗೆ ಬರುತ್ತೆ ಮಾರಾಯ್ತಿ? ಅದು ಕಬ್ಬಿಣದ ತುಕ್ಕು.”

ಮೇಷ್ಟ್ರು ನಕ್ಕರು. ಮಕ್ಕಳೂ ನಕ್ಕರು. ಘಾಟಿ ಹತ್ತಿ ಊರು ಸೇರುವವರೆಗೂ ಕಾಳಮ್ಮನ ತಲೆಯಲ್ಲಿ ಹಳ್ಳದ ಆ ಕಲ್ಲುಗಳೇ ಇದ್ದವು.

ಭಾನುವಾರ ಗಾಜನೂರಿಗೆ ಹೋಗಿ, ಸೀರೆ ಎತ್ತಿಕಟ್ಟಿ ಹಳ್ಳಕ್ಕಿಳಿದರು. ಮರದ ನೆರಳಿನ ತಣ್ಣೀರಿನಲ್ಲಿ ಕಲ್ಲುಗಳು ಕೆಂಪಗೆ ಕೂತಿದ್ದವು. ಉಗುರಿನಿಂದ ಕೆರೆದರೂ ಬಣ್ಣ ಬಿಡಲಿಲ್ಲ. ಒಂದು ಕಲ್ಲನ್ನು ನೀರಿನ ಸಮೇತ ಸ್ಟೀಲ್ ಡಬ್ಬಿಯಲ್ಲಿಟ್ಟು ಸೋಮವಾರ ಲ್ಯಾಬಿಗೆ ತಂದರು.

ಎಲೆಯನ್ನು ಸ್ಪಿರಿಟ್ಟಿನಲ್ಲಿ ಬಿಸಿ ಮಾಡಿದರೆ ಹಸಿರು ಬಿಡುತ್ತದೆ. ಪ್ರತಿ ವರ್ಷ ಆ ಪ್ರಯೋಗಕ್ಕೆ ಅಣಿ ಮಾಡಿಕೊಡುವವರು ಕಾಳಮ್ಮನೇ. ಈಗ ಎಲೆಯ ಬದಲು, ಬ್ಲೇಡಿನಿಂದ ಹೆರೆದ ಕೆಂಪು ಪುಡಿಯನ್ನು ಗಾಜಿನ ಕೊಳವೆಯಲ್ಲಿದ್ದ ಸ್ಪಿರಿಟ್ಟಿಗೆ ಹಾಕಿ ಬಿಸಿನೀರಿನಲ್ಲಿ ನಿಲ್ಲಿಸಿದರು. ನೋಡನೋಡುತ್ತ ಸ್ಪಿರಿಟ್ಟು ತಿಳಿಹಸಿರಾಯಿತು.

“ಸಾರ್, ಸ್ವಲ್ಪ ಬನ್ನಿ. ತುಕ್ಕು ಹಸಿರು ಬಿಡುತ್ತಾ?”

ಷಣ್ಮುಖಪ್ಪ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೆಂಪು ಪುಡಿಯ ಸ್ಲೈಡ್ ಮಾಡಿ, ಸೂಕ್ಷ್ಮದರ್ಶಕದಲ್ಲಿ ತುಂಬಾ ಹೊತ್ತು ನೋಡಿದರು. ಆಮೇಲೆ ತಮ್ಮ ಸ್ಟೂಲಿನಿಂದ ಎದ್ದರು.

“ಕೂತ್ಕೊಳ್ಳಿ ಕಾಳಮ್ಮ. ನೀವೇ ನೋಡಿ.”

ಇಟ್ಟಿಗೆ ಜೋಡಿಸಿದ ಹಾಗೆ ಸಣ್ಣ ಸಣ್ಣ ಚೌಕಗಳು, ಸಾಲುಸಾಲಾಗಿ. “ಅಯ್ಯೋ ಸಾರ್, ಜೀವ ಇದೆ!” ಎಂದು ಅವರು ಕೂಗಿದ್ದು ಕಾರಿಡಾರಿಗೂ ಕೇಳಿಸಿತು.

ಮಾದರಿಯನ್ನು ಪಾಚಿ ತಜ್ಞರಿಗೆ ಕಳಿಸಿದರು. ಒಂದು ತಿಂಗಳಿಗೆ ಉತ್ತರ ಬಂತು: ಅದು ಕಡಲಿನ ಕೆಂಪು ಪಾಚಿಯ ನೆಂಟ, ಸಿಹಿನೀರಿನಲ್ಲೇ ಬಾಳುವ ಅಪರೂಪದ ಜಾತಿ. ಷಣ್ಮುಖಪ್ಪ ಕಾಳಮ್ಮನನ್ನೂ ತರಗತಿಗೆ ಕರೆಸಿ ಅದನ್ನು ಗಟ್ಟಿಯಾಗಿ ಓದಿದರು. “ನಾನು ತುಕ್ಕು ಅಂದಿದ್ದೆ. ತಪ್ಪು ನನ್ನದು. ಗುರುತು ಹಿಡಿದವರು ಇವರು.” ಮಕ್ಕಳು ಎದ್ದುನಿಂತು ಚಪ್ಪಾಳೆ ತಟ್ಟಿದರು. ಕಾಲೇಜಿನ ಸಂಗ್ರಹಾಲಯದಲ್ಲಿ ಆ ಕಲ್ಲಿನ ಚೀಟಿಯ ಮೇಲೆ ‘ಸಂಗ್ರಹಿಸಿದವರು: ಕಾಳಮ್ಮ, ಕಾಗದನಗರ’ ಎಂದು ಬರೆದಾಗ ಅವರು ಅದನ್ನು ಮೂರು ಸಲ ಓದಿಕೊಂಡರು.

ಈ ವರ್ಷದ ವಿದ್ಯಾರ್ಥಿಗಳನ್ನು ಗಾಜನೂರಿಗೆ ಕರೆದೊಯ್ದಾಗ ಕಾಳಮ್ಮ ಎಲ್ಲರಿಗಿಂತ ಮುಂದೆ ನೀರಿಗಿಳಿದರು.

“ಅಲ್ಲಿ ಜಾರುತ್ತೆ ಸಾರ್, ನನ್ನ ಹಿಂದೆ ಬನ್ನಿ.”

ಷಣ್ಮುಖಪ್ಪ ಪ್ಯಾಂಟು ಮಡಚಿಕೊಂಡು ಹಿಂದೆ ಹೊರಟರು.