ನಡೆದ ದಾರಿಯನ್ನು ತಾನೇ ಅಳಿಸಿದ ಬೇಲಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಡ್ಡದ ಇಳಿಜಾರಿನಲ್ಲಿ ಹೆಂಗಸೊಬ್ಬರು ವಿಚಿತ್ರವಾಗಿ ನಡೆಯುತ್ತಿದ್ದಾರೆ. ಸ್ವಲ್ಪ ಎಡಕ್ಕೆ ಹೋಗುತ್ತಾರೆ, ಒಂದಿಷ್ಟು ಕೆಳಕ್ಕೆ ಇಳಿಯುತ್ತಾರೆ, ಮತ್ತೆ ಬಲಕ್ಕೆ ಸರಿಯುತ್ತಾರೆ. ಇದ್ದಕ್ಕಿದ್ದಂತೆ ನಿಂತು, ಹಿಂದಿರುಗಿ, ತಾವು ತುಳಿದ ಹುಲ್ಲು ತಲೆ ಎತ್ತಿತೋ ಇಲ್ಲವೋ ಎಂದು ನೋಡುತ್ತಾರೆ. ತಲೆಗೆ ಬಿಗಿದ ಮಾಸಿದ ಬಟ್ಟೆ, ಮೊಣಕಾಲಿನವರೆಗಿನ ರಬ್ಬರ್ ಬೂಟು, ಹೆಗಲಿಗೆ ತಂತಿ ಕತ್ತರಿಸುವ ಇಕ್ಕಳವೂ ಕುಡುಗೋಲೂ ಇರುವ ಚೀಲ. ಕೆಳಗಿನ ರಸ್ತೆಯಲ್ಲಿ ಪೇಪರ್ ಹಾಕಲು ಹೊರಟ ಸೈಕಲ್ಲಿನವನು ಬ್ರೇಕ್ ಹಿಡಿದು, ಏನಾದರೂ ಕಳೆದುಕೊಂಡಿರಾ ಎಂದು ಕೂಗಿ ಕೇಳುತ್ತಾನೆ.

"ಇಲ್ಲಪ್ಪ, ಕೆಲಸ ಮಾಡ್ತಿದ್ದೀನಿ," ಎಂದು ಅವರು ಅಲ್ಲಿಂದಲೇ ಉತ್ತರಿಸುತ್ತಾರೆ. ಹೀಗೆ ಅಡ್ಡಾದಿಡ್ಡಿ ಓಡಾಡುವುದೂ ಒಂದು ಕೆಲಸವೇ ಎಂಬ ಅನುಮಾನ ಸೈಕಲ್ಲಿನವನ ಮುಖದಲ್ಲಿ ಉಳಿದುಬಿಡುತ್ತದೆ. ಪಾಪ, ಅವನದೇನೂ ತಪ್ಪಿಲ್ಲ.

ಸುತ್ತಮುತ್ತಲಿನವರಿಗೆಲ್ಲ ಇವರು ಬೇಲಿಯಕ್ಕ. ಹೆಸರು ಕೇಳಿದರೆ ಬೇಲಿ ಕಟ್ಟುವವರು ಎನ್ನಿಸುತ್ತದೆ, ಆದರೆ ಇವರು ಕಟ್ಟಿದ ಬೇಲಿ ಒಂದೂ ಇಲ್ಲ. ತುಕ್ಕು ಹಿಡಿದು, ಪೊದೆಯೊಳಗೆ ಹೂತು, ಮೊಲದ ಕಾಲಿಗೂ ಕರುವಿನ ಕುತ್ತಿಗೆಗೂ ಸಿಕ್ಕಿಕೊಳ್ಳುವ ಹಳೆಯ ಮುಳ್ಳುತಂತಿಯನ್ನು ಕಿತ್ತು ಸುತ್ತಿಡುವುದರಲ್ಲಿ ಇವರದು ಎತ್ತಿದ ಕೈ. ಈ ಭಾಗದ ಬಯಲು, ಗುಡ್ಡ, ಜೌಗು ನೆಲಗಳನ್ನು ಉಳಿಸಲೆಂದೇ ಹುಟ್ಟಿಕೊಂಡ ಪುಟ್ಟ ಟ್ರಸ್ಟ್ ಒಂದರಲ್ಲಿ ಬೇಲಿಯಕ್ಕ ನೆಲ ನೋಡಿಕೊಳ್ಳುವವರು. ಅದಕ್ಕಿಂತ ದೊಡ್ಡ ಪದವಿ ಅವರಿಗಿಲ್ಲ, ಬೇಕೆಂದು ಕೇಳಿಯೂ ಇಲ್ಲ.

ಟ್ರಸ್ಟಿನ ಕಚೇರಿ ಇರುವುದು ನಲ್ಲಿ, ಪೈಪು ಮಾರುವ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಬಾಗಿಲ ಬಳಿ ಕೆಸರು ಮೆತ್ತಿದ ಬೂಟುಗಳು, ಗೋಡೆಯ ತುಂಬ ನಕ್ಷೆಗಳು, ಒಂದು ಕಾಲಿನ ಕೆಳಗೆ ಇಟ್ಟಿಗೆ ಚೂರು ಕೊಟ್ಟು ನಿಲ್ಲಿಸಿದ ಮೇಜು. ಲಾಭದ ಮಾತು ಇಲ್ಲಿಲ್ಲ. ಜಮೀನಿನವರ ಮನೆಗೆ ಹೋಗುವುದು, ಅವರು ಕೊಟ್ಟ ಟೀ ಕುಡಿಯುವುದು, ಈ ನೆಲದ ಮೇಲೆ ಯಾವತ್ತೂ ಕಟ್ಟಡ ಏಳದಂತೆ ಬರೆದುಕೊಡುತ್ತೀರಾ ಎಂದು ಕೇಳುವುದು, ಇಷ್ಟೇ ಕೆಲಸ. ಕೆಲವರು ನೆಲವನ್ನೇ ದಾನ ಕೊಡುತ್ತಾರೆ. ಕೆಲವರು ನೆಲ ತಮ್ಮಲ್ಲೇ ಇಟ್ಟುಕೊಂಡು ಮಾತು ಕೊಡುತ್ತಾರೆ. ಇನ್ನು ಕೆಲವರು ಟೀ ಮಾತ್ರ ಕೊಡುತ್ತಾರೆ.

ಬರೆದುಕೊಟ್ಟ ಮೇಲೆ ಶುರುವಾಗುವುದು ಬೇಲಿಯಕ್ಕನ ಪಾಳಿ. ಎಂದೆಂದಿಗೂ ಎಂದು ಕಾಗದದಲ್ಲಿ ಬರೆಯುವುದು ಸುಲಭ, ಆ ಮಾತನ್ನು ನಡೆದು ಕಾಯುವವರು ಒಬ್ಬರು ಬೇಕಲ್ಲ. ಟ್ರಸ್ಟಿನ ಕೈಯಲ್ಲಿರುವ ನಲವತ್ತು ಚಿಲ್ಲರೆ ಜಾಗಗಳ ಗಡಿಯನ್ನೂ ವರ್ಷಕ್ಕೊಮ್ಮೆಯಾದರೂ ಪೂರ್ತಿ ಸುತ್ತಬೇಕು. ಗಡಿಕಲ್ಲು ಜರುಗಿದೆಯೇ, ಮರ ಬಿದ್ದಿದೆಯೇ, ಯಾರಾದರೂ ರಾತ್ರೋರಾತ್ರಿ ಮಣ್ಣು ತೋಡಿದ್ದಾರೆಯೇ, ಪಕ್ಕದವರ ದನದ ಕೊಟ್ಟಿಗೆ ಇತ್ತ ಒಂದು ಮಾರು ಸರಿದಿದೆಯೇ ಎಂದು ನೋಡಬೇಕು. ಗಡಿಕಲ್ಲಿಗಿಂತ ಕೊಟ್ಟಿಗೆಗಳಿಗೆ ಕಾಲು ಬರುವುದೇ ಹೆಚ್ಚು ಎನ್ನುತ್ತಾರೆ ಬೇಲಿಯಕ್ಕ.

ಈ ಕೆಲಸಕ್ಕೆ ಬರುವ ಮೊದಲು ಅವರು ಬಸ್ ಕಂಡಕ್ಟರ್. ಆ ಮಾರ್ಗದ ಬಸ್ಸೇ ನಿಂತುಹೋದಾಗ, ಹಳೆಯ ತಂತಿ ಕೀಳಲು ಆಳು ಬೇಕೆಂದು ಟ್ರಸ್ಟಿನವರು ಹುಡುಕುತ್ತಿದ್ದರು. ಒಂದು ಬೇಸಿಗೆಯ ಮಟ್ಟಿಗೆಂದು ಬಂದವರು ಇಲ್ಲೇ ಬೇರು ಬಿಟ್ಟರು. "ಅಷ್ಟು ವರ್ಷ ನಿಂತ್ಕೊಂಡೇ ಊರೆಲ್ಲ ಸುತ್ತಿದೆ. ನೆಲಕ್ಕೆ ಕಾಲಿಟ್ಟು ನಡೆಯೋ ಕೆಲಸ ಸಿಕ್ಕಿದ್ದು ಇದೇ ಮೊದಲು," ಎನ್ನುತ್ತಾರೆ. ಗಂಡ ಪೇಟೆಯಲ್ಲಿ ಬೀಗ ರಿಪೇರಿ ಮಾಡುತ್ತಾರೆ. ಊರವರ ಬಾಗಿಲು ತೆಗೆಯುವುದು ತಮ್ಮ ಕೆಲಸ, ಊರವರ ದಾರಿ ಮುಚ್ಚುವುದು ಹೆಂಡತಿಯ ಕೆಲಸ ಎಂದು ಅವರು ಗಿರಾಕಿಗಳ ಮುಂದೆ ಹೇಳಿ ನಗುತ್ತಾರೆ. ನಗುವಿನ ಹಿಂದೆ ಒಂದು ದೊಡ್ಡ ಕತೆಯೇ ಇದೆ.

ಇಂದು ಬೇಲಿಯಕ್ಕ ಅಡ್ಡಾದಿಡ್ಡಿ ಇಳಿಯುತ್ತಿರುವ ಈ ಗುಡ್ಡ ಗಡಿಯಾರದಜ್ಜನದು. ಅಜ್ಜ ಜೀವನವಿಡೀ ಗಡಿಯಾರ ರಿಪೇರಿ ಮಾಡಿದವರು. ಗುಡ್ಡದ ಬುಡದಲ್ಲಿ ಬಟ್ಟಲಿನಂಥ ಒಂದು ತಗ್ಗಿದೆ. ಅಜ್ಜನ ಬಾಲ್ಯದಿಂದಲೂ ಅಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತಿತ್ತು, ಟಿಟ್ಟಿಭ ಹಕ್ಕಿಗಳು ಬಂದು ಅಂಚಿನ ನೆಲದಲ್ಲೇ ಮೊಟ್ಟೆ ಇಡುತ್ತಿದ್ದವು. ಆ ನೀರು ಹಾಗೇ ಇರಲಿ ಎಂಬ ಒಂದೇ ಆಸೆಯಿಂದ ಅಜ್ಜ ಗುಡ್ಡವನ್ನು ಟ್ರಸ್ಟಿಗೆ ಕೊಟ್ಟರು. ಬೇಲಿ ಹಾಕಬಾರದು ಎಂಬುದೊಂದು ಷರತ್ತು. ವರ್ಷದ ಗಡಿ ಸುತ್ತಾಟಕ್ಕೆ ಅವರೂ ಊರುಗೋಲು ಹಿಡಿದು ಬರುತ್ತಾರೆ. ಈಗೀಗ ಅರ್ಧಕ್ಕೇ ಕಲ್ಲಿನ ಮೇಲೆ ಕೂತುಬಿಡುತ್ತಾರೆ.

ಮೂರು ವರ್ಷದ ಹಿಂದೆ ಆ ತಗ್ಗು ಬೇಸಿಗೆಗೆ ಮೊದಲೇ ಒಣಗಿತು. ಮರುವರ್ಷ ಇನ್ನೂ ಬೇಗ. ಕೆಸರು ಬಿರುಕು ಬಿಟ್ಟಿತು, ಹಕ್ಕಿಗಳು ಬರಲಿಲ್ಲ. ಅಜ್ಜ ಕಲ್ಲಿನ ಮೇಲೆ ಕೂತು ಆ ಒಣನೆಲವನ್ನೇ ನೋಡಿದರು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗುಡ್ಡದ ಆಚೆಗಿನ ಮನೆಸಾಲಿನಿಂದ ಈಚೆಗಿನ ಆಸ್ಪತ್ರೆ ರಸ್ತೆಗೆ ಒಂದು ಕಾಲುದಾರಿ ಬಿದ್ದಿತ್ತು. ಅದು ತಗ್ಗಿನ ಅಂಚಿನ ದಿಬ್ಬವನ್ನು ಹಾದು ಹೋಗುತ್ತಿತ್ತು. ಜನ ತುಳಿದು ತುಳಿದು ದಿಬ್ಬ ಅಲ್ಲಿ ಸವೆದು, ಅಂಚು ಮುಕ್ಕಾದ ಬಟ್ಟಲಿನ ಹಾಗೆ ಆಗಿತ್ತು. ನಿಂತ ನೀರೆಲ್ಲ ಆ ಮುಕ್ಕಿನಿಂದ ಹರಿದುಹೋಗುತ್ತಿತ್ತು.

ಮನೆಸಾಲಿನವರೇ ದಾರಿ ಮಾಡಿಕೊಂಡಿದ್ದಾರೆ, ಒಂದು ಬೋರ್ಡು ಹಾಕಿಸೋಣ ಎಂದರು ಟ್ರಸ್ಟಿನ ಕಾರ್ಯದರ್ಶಿ. ಬೇಲಿಯಕ್ಕ ಆ ದಾರಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ನಡೆದರು. ಅರ್ಧ ಹಾದಿಯಲ್ಲಿ ಅವರು ನಿಂತುಬಿಟ್ಟರು. ಆತುರದಲ್ಲಿರುವ ಜನ ದಾರಿ ಮಾಡಿದರೆ ನೇರವಾಗಿ ಮಾಡುತ್ತಾರೆ. ಈ ದಾರಿ ಮಾತ್ರ ಪ್ರತಿ ಗಡಿಕಲ್ಲಿನ ಹತ್ತಿರವೂ ಬಾಗುತ್ತಿತ್ತು, ಕೆಂಪು ಬಣ್ಣದ ಗುರುತಿರುವ ಪ್ರತಿ ಮರವನ್ನೂ ಮುಟ್ಟಿ ಮುಂದೆ ಹೋಗುತ್ತಿತ್ತು. ಆ ಕೆಂಪು ಗುರುತು ಹಾಕಿದ್ದು ಅವರೇ. ಗಡಿ ಸುತ್ತಾಟ ವರ್ಷಕ್ಕೊಮ್ಮೆಯಾದರೂ, ಮನೆಯಿಂದ ಹತ್ತಿರ ಎಂದು, ಅಜ್ಜನ ಮೇಲಿನ ಅಕ್ಕರೆಗೆಂದು, ಸುಮ್ಮನೆ ಮನಸ್ಸಿಗೆ ಹಿತ ಎಂದು ಅವರು ಈ ಗುಡ್ಡಕ್ಕೆ ಮಾತ್ರ ವಾರವಾರವೂ ಬರುತ್ತಿದ್ದರು. ಬಂದಾಗಲೆಲ್ಲ ಕಲ್ಲಿನಿಂದ ಕಲ್ಲಿಗೆ, ಮರದಿಂದ ಮರಕ್ಕೆ, ಅದೇ ಜಾಡಿನಲ್ಲಿ ನಡೆದಿದ್ದರು.

"ಕಾಯೋಕೆ ಅಂತ ಬಂದವಳು ನಾನು. ನಡೆದೂ ನಡೆದೂ ನಾನೇ ಹಾಳು ಮಾಡಿದ್ದೆ," ಎನ್ನುವಾಗ ಈಗಲೂ ಅವರ ದನಿ ಸಣ್ಣಗಾಗುತ್ತದೆ.

ಮುಚ್ಚಿಟ್ಟುಕೊಳ್ಳುವ ಜಾಯಮಾನ ಅವರದಲ್ಲ. ಕಚೇರಿಗೆ ಹೋಗಿ ಹೇಳಿದರು. ಬೋರ್ಡಿನ ಮಾತು ಅಲ್ಲಿಗೇ ನಿಂತಿತು. ಆಮೇಲೆ ಗಡಿಯಾರದಜ್ಜನ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತರು. ಅಜ್ಜ ಕನ್ನಡಕ ಒರೆಸಿಕೊಂಡು ಹೇಳಿದ್ದನ್ನು ಅವರು ಇಂದಿಗೂ ಎಲ್ಲರಿಗೂ ಹೇಳುತ್ತಾರೆ: "ಗಡಿಯಾರದ ಹಲ್ಲು ಸವೆಯೋದೂ ತಿರುಗಿ ತಿರುಗೀನೇ ಕಣಮ್ಮ. ಅದಕ್ಕೆ ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋದು? ಬಿಚ್ಚಿ, ಸರಿ ಮಾಡಿ, ಮತ್ತೆ ಕೂರಿಸೋದು. ನಾನು ನೋಡೋ ಹಾಗೆ ಮಾಡು, ಅಷ್ಟೇ."

ನಾನು ನೋಡೋ ಹಾಗೆ ಎಂಬ ಮಾತು ಬೇಲಿಯಕ್ಕನ ನಿದ್ದೆ ಕೆಡಿಸಿತು. ಅಜ್ಜನಿಗೆ ವಯಸ್ಸಾಗಿತ್ತು, ನೆಲಕ್ಕೆ ಅವಸರವಿರಲಿಲ್ಲ.

ದಾರಿ ಮುಚ್ಚುವ ಕೆಲಸ ಶುರುವಾಯಿತು. ಮೊದಲು ದಿಬ್ಬದ ಮುಕ್ಕಿಗೆ ಜೇಡಿಮಣ್ಣು ತುಂಬಿ, ಕಾಲಿನಿಂದ ತುಳಿದು, ಮೇಲೆ ಬೇರು ಸಮೇತ ಕಿತ್ತ ಹುಲ್ಲಿನ ಹೆಂಟೆಗಳನ್ನು ಹೊದಿಸಿದರು. ಆಮೇಲೆ ಕಲ್ಲಿನಂತೆ ಗಟ್ಟಿಯಾಗಿದ್ದ ಕಾಲುದಾರಿಯನ್ನು ಹಾರೆಯಿಂದ ಮೀಟಿ ಸಡಿಲಿಸಿದರು. ಮಳೆನೀರು ಓಡದಂತೆ ಒಣಗಿದ ದಿಮ್ಮಿಗಳನ್ನು ಅಡ್ಡ ಮಲಗಿಸಿದರು. ಕೊನೆಗೆ ದಾರಿಯ ಎರಡು ತುದಿಗೂ ಕೊಂಬೆ, ಮುಳ್ಳು, ತರಗೆಲೆ ಹರಡಿದರು. ತುದಿಯೇ ಮುಖ್ಯ ಎನ್ನುತ್ತಾರೆ. "ಕಣ್ಣಿಗೆ ಕಂಡ್ರೆ ತಾನೇ ಕಾಲು ಹೋಗೋದು? ಕಾಣದ ಹಾಗೆ ಮಾಡಿದ್ರೆ ಆಯ್ತು."

ಆಗಲಿಲ್ಲ. ಎರಡು ದಿನ ಕಳೆದು ನೋಡಿದರೆ ಯಾರೋ ಕೊಂಬೆಗಳನ್ನು ಪಕ್ಕಕ್ಕೆ ಎಳೆದು ಹಾಕಿದ್ದರು. ಬೇಲಿಯಕ್ಕ ಮತ್ತೆ ಹಾಸಿದರು, ಯಾರೋ ಮತ್ತೆ ಸರಿಸಿದರು. ಸಡಿಲ ಮಣ್ಣಿನ ಮೇಲೆ ಬಿದ್ದ ಚಪ್ಪಟೆ ಅಟ್ಟೆಯ ಗುರುತು ನೋಡಿ ಅವರು ಹಣೆ ಚಚ್ಚಿಕೊಂಡರು. ಅದು ಅವರ ಒಡಹುಟ್ಟಿದ ತಂಗಿಯ ಬೂಟು.

ತಂಗಿ ಆಸ್ಪತ್ರೆಯಲ್ಲಿ ನರ್ಸ್, ಇರುವುದು ಗುಡ್ಡದ ಆಚೆಯ ಮನೆಸಾಲಿನಲ್ಲಿ. ಕೆಲಸ ಸಿಕ್ಕ ಹೊಸದರಲ್ಲಿ ಈ ಒಳದಾರಿ ತೋರಿಸಿಕೊಟ್ಟಿದ್ದೇ ಅಕ್ಕ. ಅವಳನ್ನು ನೋಡಿ ಜೊತೆಯವರು, ಅವರನ್ನು ನೋಡಿ ಉಳಿದವರು ಇತ್ತ ಬಂದಿದ್ದರು. ರಾತ್ರಿ ಪಾಳಿ ಮುಗಿಸಿ, ಕಾಲು ಸೋತು ಬರುವವಳಿಗೆ ರಸ್ತೆ ಸುತ್ತಿ ಹೋಗು ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ. ತಂಗಿ ಮುಖ ಊದಿಸಿಕೊಂಡಳು. ದಾರಿಯಲ್ಲಿ ಅಕ್ಕನ ಮನೆಗೆ ಬಂದು ಟೀ ಕುಡಿದು ಹೋಗುವುದು ನಿಂತಿತು. ಹಕ್ಕಿಯ ಕಾಲಿನ ಮೇಲಿರುವ ಕರುಣೆ ತಂಗಿಯ ಕಾಲಿನ ಮೇಲೆ ಇಲ್ಲ ಎಂದು ಭಾವನ ಅಂಗಡಿಗೆ ಹೋಗಿ ದೂರು ಹೇಳಿದಳು. ಆ ಮಾತು ಸಂಜೆಯೊಳಗೆ ಮನೆಗೆ ಬಂತು. ಬೇಲಿಯಕ್ಕನಿಗೆ ಅದು ಚುಚ್ಚಿತು, ಯಾಕೆಂದರೆ ಅದರಲ್ಲಿ ಅಷ್ಟಿಷ್ಟು ನಿಜವೂ ಇತ್ತು.

ಒಂದು ಬೆಳಗಿನ ಜಾವ ಅವರು ದಾರಿಯ ಬಾಯಲ್ಲೇ ಕಾದು ನಿಂತರು. ತಂಗಿ ಬಂದಳು. ವಾದ ಮಾಡದೆ, ಕೈ ಹಿಡಿದು ದಿಬ್ಬದ ಹತ್ತಿರ ಕರೆದೊಯ್ದು, ಹೊಸ ಮಣ್ಣು ಮತ್ತೆ ಕುಸಿದು ಮುಕ್ಕು ಬಾಯಿ ತೆರೆದಿದ್ದನ್ನು ತೋರಿಸಿದರು. ಮುಕ್ಕಿನಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ತಂಗಿ ಬಗ್ಗಿ ಅದನ್ನು ನೋಡಿದಳು.

"ನಾನೊಬ್ಬಳು ನಡೆದ್ರೆ ಏನಾಗಿಬಿಡುತ್ತಕ್ಕ?" ಎಂದಳು.

"ನಾನೂ ಒಬ್ಬಳೇ ಕಣೇ ನಡೆದಿದ್ದು," ಎಂದರು ಬೇಲಿಯಕ್ಕ.

ತಂಗಿ ಚೀಲ ಹೆಗಲಿಗೇರಿಸಿಕೊಂಡಳು. ಬಂದ ದಾರಿಯಲ್ಲೇ ಹಿಂದಿರುಗಿ ರಸ್ತೆ ಹಿಡಿದಳು. ಬೇಲಿಯಕ್ಕ ಹಾರೆ ಅಲ್ಲೇ ಬಿಟ್ಟು ಹಿಂದೆಯೇ ಓಡಿದರು, ಅವಳ ಚೀಲ ಕಸಿದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. ಆವತ್ತಿನಿಂದ ತಂಗಿಗೆ ರಾತ್ರಿ ಪಾಳಿ ಇದ್ದಾಗಲೆಲ್ಲ ಬೆಳಿಗ್ಗೆ ಆಸ್ಪತ್ರೆಯ ಗೇಟಿನಿಂದ ಮನೆಯವರೆಗೆ ಅಕ್ಕನೂ ಸುತ್ತುದಾರಿಯಲ್ಲಿ ಜೊತೆಗೆ ನಡೆಯುತ್ತಾರೆ. ಸಂಸಾರದ ಕಷ್ಟಸುಖ, ವಾರ್ಡಿನ ಸುದ್ದಿ, ಭಾವನ ಗೊರಕೆ, ಎಲ್ಲ ಆ ರಸ್ತೆಯಲ್ಲೇ ಮುಗಿಯುತ್ತದೆ. ಮನೆಸಾಲಿನ ಉಳಿದವರನ್ನು ಒಪ್ಪಿಸಿದ್ದು ಟ್ರಸ್ಟ್ ಅಲ್ಲ, ತಂಗಿಯೇ. ಅವಳ ಬಾಯಿಗೆ ಎದುರಾಡುವವರು ಆ ಸಾಲಿನಲ್ಲಿ ಯಾರೂ ಇಲ್ಲ. ಜನರ ಓಡಾಟ ನಿಂತ ಮೇಲೆ ಬೇಲಿಯಕ್ಕ ದಿಬ್ಬದ ಮುಕ್ಕಿಗೆ ಮತ್ತೆ ಮಣ್ಣು ತುಂಬಿದರು, ಈ ಸಲ ಅದು ನಿಂತಿತು.

ಬೇಲಿಯಕ್ಕನ ನಡಿಗೆಯೂ ಬದಲಾಗಿದ್ದು ಆವಾಗಲೇ. ಈಗ ಯಾವ ಜಾಗದಲ್ಲೂ ಅವರು ಒಮ್ಮೆ ನಡೆದ ಜಾಡಿನಲ್ಲಿ ಇನ್ನೊಮ್ಮೆ ನಡೆಯುವುದಿಲ್ಲ. ಮೇಯುವ ಹಸುವಿನ ಹಾಗೆ ಅಲ್ಲಿಷ್ಟು ಇಲ್ಲಿಷ್ಟು ಹೋಗುತ್ತಾರೆ, ಗಡಿಕಲ್ಲನ್ನು ದೂರದಿಂದಲೇ ನೋಡಿ ಬಿಡುತ್ತಾರೆ. ಮನೆಯಲ್ಲೂ ಅಡುಗೆಮನೆಯಿಂದ ಹಜಾರಕ್ಕೆ ಬರುವಾಗ ಕುರ್ಚಿ ಸುತ್ತಿಕೊಂಡು ಬರುತ್ತಾಳೆ, ನೆಲ ಸವೆಯುತ್ತದಂತೆ ಎಂದು ಗಂಡ ಕೀಟಲೆ ಮಾಡುತ್ತಾರೆ. ಅದು ಸುಳ್ಳು ಎಂದು ಬೇಲಿಯಕ್ಕ ಪ್ರತಿಭಟಿಸುತ್ತಾರೆ, ಪ್ರತಿಭಟಿಸುತ್ತಲೇ ಕುರ್ಚಿ ಸುತ್ತಿಕೊಂಡು ಬರುತ್ತಾರೆ.

ಇಂದು ಇಳಿಜಾರಿನ ಕೊನೆಗೆ ಬಂದಾಗ ಬೆಳಕಾಗಿದೆ. ಕಲ್ಲಿನ ಮೇಲೆ ಗಡಿಯಾರದಜ್ಜ ಆಗಲೇ ಬಂದು ಕೂತಿದ್ದಾರೆ, ಮೊಮ್ಮಗಳು ರಸ್ತೆಯವರೆಗೆ ಗಾಡಿಯಲ್ಲಿ ಬಿಟ್ಟು ಹೋಗಿದ್ದಾಳೆ. ಬೇಸಿಗೆ ಅರ್ಧ ಕಳೆದಿದೆ. ತಗ್ಗಿನಲ್ಲಿ ನೀರಿದೆ. ಬಹಳವೇನಿಲ್ಲ, ಪಾದ ಮುಳುಗುವಷ್ಟು. ಆದರೂ ಆಕಾಶ ಅದರಲ್ಲಿ ಕಾಣುತ್ತಿದೆ, ಅಂಚಿನಲ್ಲಿ ಟಿಟ್ಟಿಭವೊಂದು ಇವರಿಬ್ಬರನ್ನೂ ಬೈಯುತ್ತ ಅತ್ತಿಂದಿತ್ತ ಓಡುತ್ತಿದೆ. ಅಜ್ಜ ಅದನ್ನು ನೋಡುತ್ತ ಕೂತಿದ್ದಾರೆ. ಬೇಲಿಯಕ್ಕ ಅಜ್ಜನ ಮುಖವನ್ನು ನೋಡುತ್ತ ನಿಂತಿದ್ದಾರೆ. 

ನಿಮಗೇನು ಆಸೆ ಎಂದು ಕೇಳಿದರೆ ಬೇಲಿಯಕ್ಕ ಮೊದಲು ಹೊಸ ಬೂಟು ಎನ್ನುತ್ತಾರೆ. ಎಡಗಾಲಿನದು ಸೋರುತ್ತಿದೆ. ಆಮೇಲೆ ಸ್ವಲ್ಪ ಯೋಚಿಸಿ ಹೇಳುತ್ತಾರೆ: "ನಾನಿಲ್ಲಿ ಇಷ್ಟು ವರ್ಷ ಓಡಾಡಿದೆ ಅಂತ ನೆಲ ನೋಡಿದವರಿಗೆ ಗೊತ್ತಾಗಬಾರದು. ಅಷ್ಟಾದ್ರೆ ನನ್ನ ಕೆಲಸ ಆದ ಹಾಗೆ."

ಹೊತ್ತಾಯಿತೆಂದು ಅವರು ಆಸ್ಪತ್ರೆಯ ಗೇಟಿಗೆ ಹೆಜ್ಜೆ ಹಾಕುತ್ತಾರೆ. ತಂಗಿ ಪಾಳಿ ಮುಗಿಸಿ ಕಾಯುತ್ತಿದ್ದಾಳೆ. ಅಕ್ಕತಂಗಿಯರು ರಸ್ತೆ ಹಿಡಿದು ಹೊರಟು ಗುಡ್ಡದ ತಿರುವಿಗೆ ಬರುವಷ್ಟರಲ್ಲಿ, ಆಸ್ಪತ್ರೆಗೆ ಹೊಸದಾಗಿ ಸೇರಿದ ನರ್ಸ್ ಒಬ್ಬಳು ಹಿಂದಿನಿಂದ ಬಂದು ಸೇರಿಕೊಳ್ಳುತ್ತಾಳೆ. ಗುಡ್ಡ ದಾಟಿ ಮನೆಸಾಲಿಗೆ ಹೋಗಲು ಒಂದು ಒಳದಾರಿ ಇದೆಯಂತೆ, ಎಲ್ಲಿಂದ ಹತ್ತಬೇಕು ಎಂದು ಕೇಳುತ್ತಾಳೆ. ತಂಗಿ ಕಣ್ಣು ಕಿರಿದು ಮಾಡಿ ಗುಡ್ಡದ ಕಡೆ ನೋಡುತ್ತಾಳೆ. ಅಲ್ಲಿ ಮೊಣಕಾಲೆತ್ತರದ ಹುಲ್ಲು ಬಿಟ್ಟರೆ ಏನೂ ಕಾಣುವುದಿಲ್ಲ.

"ಇಲ್ಲಿ ದಾರಿ ಇಲ್ವಲ್ಲ," ಎನ್ನುತ್ತಾಳೆ. "ಯಾವತ್ತೂ ಇರಲಿಲ್ಲ."

ಪಕ್ಕದಲ್ಲಿ ಬೇಲಿಯಕ್ಕ ತಂಗಿಯ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಾರೆ.