ಬಾಯಿಯೊಳಗಿನ ಸೀಳು

ಮಗಳು ಹುಟ್ಟಿದಾಗ ನೋಡಲು ಬಂದವರೆಲ್ಲ ಮೂಗು, ತುಟಿ ಎಷ್ಟು ಲಕ್ಷಣವಾಗಿವೆ ಎಂದರು. ನನಗೂ ಹಾಗೇ ಕಂಡಿತು. ಬಾಣಂತನಕ್ಕೆ ಶಿಕಾರಿಪುರದ ತವರಿಗೆ ಬಂದೆ. ಆದರೆ ಎದೆಗೆ ಹಿಡಿದರೆ ಹಾಲು ಅವಳ ಮೂಗಿನಿಂದ ಇಳಿಯುತ್ತಿತ್ತು. ಎಷ್ಟು ಹೊತ್ತು ಚೀಪಿದರೂ ಹೊಟ್ಟೆ ತುಂಬದೆ ಅಳುತ್ತಿದ್ದಳು.

"ನಿನಗ ಹಾಲು ಸಾಲವಲ್ದು, ಸಬ್ಬಸಿಗೆ ಪಲ್ಯ ತಿನ್ನು" ಎಂದಳು ಅವ್ವ. ಸೊರಬದ ಉಳವಿಯಿಂದ ಅತ್ತೆ ಫೋನಿನಲ್ಲಿ, "ಹಾಲು ಜಾಸ್ತಿಯಾಗಿ ಹಂಗಾಗ್ತದೆ, ಸ್ವಲ್ಪ ಹಿಂಡಿ ತೆಗೆದು ಕುಡಿಸು" ಎಂದರು. ಯಾರ ಮಾತು ಸರಿಯೋ ತಿಳಿಯದೆ ಪಲ್ಯವನ್ನೂ ತಿಂದೆ, ಹಾಲನ್ನೂ ಹಿಂಡಿ ಚೆಲ್ಲಿದೆ. ಮಗು ಸೊರಗುತ್ತಲೇ ಹೋಯಿತು.

ಕೊನೆಗೆ ಆಸ್ಪತ್ರೆಗೆ ಒಯ್ದೆ. ಅಲ್ಲಿ ನರ್ಸ್ ಮಗುವಿನ ಬಾಯಿ ತೆರೆಸಿ ಟಾರ್ಚ್ ಹಿಡಿದಳು. "ಇಲ್ಲಿ ನೋಡ್ರೀ, ಅಂಗುಳ ಕೂಡಿಲ್ಲ."

ನೋಡಿದೆ. ನಾಲಿಗೆಯ ಮೇಲ್ಗಡೆ, ಅಂಗುಳದ ನಡುವೆ, ಕತ್ತಲೆಯ ಒಂದು ಸೀಳು.

"ನಾನು ಏನರ ತಿನ್ನಬಾರದ್ದು ತಿಂದ್ನೇನ್ರೀ?"

"ಇಲ್ರೀ. ಹೊಟ್ಟೆಯೊಳಗ ಬೆಳೆಯುವಾಗ್ಲೇ ಹಿಂಗಾಗಿರ್ತದೆ. ಆಪರೇಷನ್ ಮಾಡ್ತಾರೆ. ಅಲ್ಲೀತನಕ ಕುಡಿಸೋದು ಕಲೀರಿ."

ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಹಿಂಡಿದ ಹಾಲನ್ನು ಮೆತ್ತನೆಯ ಬಾಟಲಿಯಲ್ಲಿ ಹಾಕಿ, ಅವಳು ಚೀಪಿದಾಗಲೆಲ್ಲ ಮೆಲ್ಲಗೆ ಒತ್ತಬೇಕು. ಮೊದಮೊದಲು ನಾನು ಹೆಚ್ಚು ಒತ್ತಿ ಅವಳಿಗೆ ನೆತ್ತಿಗೇರುತ್ತಿತ್ತು. ಬರಬರುತ್ತಾ ಕೈ ಕುದುರಿತು, ಅವಳ ಕೆನ್ನೆಯೂ ತುಂಬಿತು.

ಆದರೆ ಬಂದವರು, "ಎದೆಹಾಲು ಬಿಟ್ಟು ಬಾಟಲಿ ಯಾಕ?" ಎನ್ನುವರು. ಒಬ್ಬರಿಗೆ ನನಗೆ ಜ್ವರ ಎಂದೆ, ಇನ್ನೊಬ್ಬರಿಗೆ ಡಾಕ್ಟರು ಹೇಳಿದ್ದಾರೆ ಎಂದೆ. ಕಣ್ಣಿಗೆ ಕಾಣದ್ದನ್ನು ನಾನೇ ಯಾಕೆ ಹೇಳಬೇಕು? ಹೇಳದಿದ್ದರೆ ನಾಚಿಕೊಂಡಂತಲ್ಲವೆ? ನಾಚಿಕೆ ಇತ್ತೋ ಇಲ್ಲವೋ, ನನಗೇ ಗೊತ್ತಾಗಲಿಲ್ಲ.

ಒಂದು ದಿನ ಅತ್ತೆ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು. ಪಕ್ಕದ ಮನೆಯಾಕೆ, "ಮಗು ಗುಂಡಗುಂಡಗೈತಿ, ಏನೂ ಊನ ಇಲ್ಲ" ಎಂದಳು.

"ಬಾಯೊಳಗೆ ಸೀಳು ಅದೆ ಕಣಮ್ಮ, ಹೊಲಿತಾರಂತೆ" ಎಂದರು ಅತ್ತೆ, ಹರಿದ ರವಿಕೆಯ ಮಾತೆತ್ತಿದ ಹಾಗೆ.

ಆಕೆ, "ಹೌದಾ? ಪಾಪ" ಎಂದು ಮಗುವಿನ ಕಾಲು ಸವರಿದಳು. ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ಎದೆಯೂ ಹಗುರಾಯಿತು. ಎರಡೂ ಹೇಗೆ ಒಟ್ಟಿಗೆ ಬಂದವೋ.

ವರ್ಷ ತುಂಬುವ ಹೊತ್ತಿಗೆ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಈಗವಳು ಅಂಗನವಾಡಿಗೆ ಹೋಗುತ್ತಾಳೆ. ಮಾತು ಕಲಿಸುವವರ ಹತ್ತಿರವೂ ಕರೆದೊಯ್ಯುತ್ತೇನೆ. ಕಾಗೆಗೆ 'ಆಗೆ' ಎನ್ನುತ್ತಾಳೆ. ಸೀಳು ಇದ್ದುದಕ್ಕೆ ಹಾಗೋ, ಈ ವಯಸ್ಸಿನ ಮಕ್ಕಳೆಲ್ಲ ಹಾಗೇ ಅನ್ನುತ್ತವೋ ತಿಳಿಯದೆ, ಅಂಗನವಾಡಿಯ ಬಾಗಿಲಲ್ಲಿ ನಿಂತು ಬೇರೆ ಮಕ್ಕಳ ಮಾತಿಗೆ ಕಿವಿಗೊಡುತ್ತೇನೆ.