ನಿನಗ ಕಾಣಸ್ತದೇನು?

ಡಾಕ್ಟರಿಕೆ ಓದಲು ಬಾಗಲಕೋಟೆಗೆ ಬಂದ ಮೊದಲ ವರ್ಷದ ಕೊನೆಗೆ ನಮ್ಮ ಕೈಗೊಂದು ಹಾಳೆ ಕೊಟ್ಟರು. ಅನಾಟಮಿ ಪಾಠ ಹೇಗಿದೆ, ಅಭಿಪ್ರಾಯ ಬರೆಯಿರಿ, ಹೆಸರು ಬೇಡ ಎಂದರು. ಹಾಸ್ಟೆಲಿನಲ್ಲೆಲ್ಲ ಅದೇ ಮಾತು. ಒಬ್ಬಳಿಗೆ ಪರದೆಯ ಮೇಲೆ ತಿರುಗಿಸಿ ತೋರಿಸುವ ಚಿತ್ರವೇ ಸಾಕಂತೆ, ವಾಸನೆಯಾದರೂ ಇರುವುದಿಲ್ಲ. ಇನ್ನೊಬ್ಬಳಿಗೆ ಎಲುಬಿನ ಹೆಸರು ಬಾಯಿಪಾಠ ಮಾಡುವುದರಲ್ಲೇ ವರ್ಷ ಹೋಯಿತೆಂದು ಸಿಟ್ಟು. ನಾನು ಒಂದೇ ಸಾಲು ಬರೆದೆ: ‘ನನಗೆ ಕಾಣಿಸುವುದಿಲ್ಲ.’

ಸುಳ್ಳಲ್ಲ. ಹೆಣ ಕೊಯ್ಯುವ ಅನಾಟಮಿ ಹಾಲಿನಲ್ಲಿ ಒಂದು ಮೇಜಿನ ಸುತ್ತ ಇಪ್ಪತ್ತೈದು ಮಂದಿ. ಗಿಡ್ಡಿ ನಾನು, ವರ್ಷವಿಡೀ ಹಿಂದೆ ನಿಂತು ಮುಂದಿನವರ ಬಿಳಿ ಕೋಟಿನ ಬೆನ್ನು ಓದಿದೆ. ಮೇಜಿನ ಮೇಲಿನ ದೇಹಕ್ಕೆ ಎಲ್ಲರೂ ‘ನಮ್ಮಜ್ಜ’ ಅನ್ನುತ್ತಿದ್ದೆವು. ಮೊದಲ ವಾರ ಹಾಗನ್ನಲು ನಾಲಗೆ ತಡವರಿಸಿತ್ತು. ಆಮೇಲೆ ಏನೂ ಅನ್ನಿಸಲಿಲ್ಲ.

ರಜೆಗೆ ಇಳಕಲ್ಲಿಗೆ ಹೋದಾಗ ಇದನ್ನೆಲ್ಲ ನನ್ನ ಸ್ವಂತ ಅಜ್ಜನಿಗೆ ಹೇಳಿದೆ. ಜೀವಮಾನವೆಲ್ಲ ಸೀರೆ ನೇಯ್ದ ಮನುಷ್ಯ. ಚಿಕ್ಕಂದಿನಲ್ಲಿ ಮಗ್ಗಕ್ಕೆ ಸಿಕ್ಕು ಅವನ ಬಲಗೈ ಕಿರುಬೆರಳು ಸೊಟ್ಟಗಾಗಿತ್ತು.

“ಹಿಂದ ನಿಂತ್ರ ನಿನಗ ಕಾಣಸ್ತದೇನು ಯವ್ವಾ?”

“ಇಲ್ಲ ಯಜ್ಜಾ. ಹೆಣ ಕಡಿಮಿ, ಮಂದಿ ಭಾಳ.”

“ಅಯ್ಯ, ನೋಡದನ ಡಾಕ್ಟರ್ ಆದ್ರ ಮಂದಿ ಹೊಟ್ಟಿ ಹೆಂಗ ಕೊಯ್ತೀ?” ಎಂದು ನಕ್ಕ.

ಮರುವಾರವೇ ದೇಹದಾನದ ಅರ್ಜಿ ತರಿಸಿದ. ಅಪ್ಪ ಕೆಂಡವಾದ. “ಕುಂದ್ರಿಸಿ ಮಣ್ಣ ಮಾಡೋ ಮಂದಿ ನಾವು. ನಿನ್ನ ಮೇಜಿನ ಮ್ಯಾಲ ಮಲಗಿಸಾಕ ಕೊಡಂಗಿಲ್ಲ.”

“ಜಲ್ಮೆಲ್ಲಾ ಕುಂತೇ ನೇಯ್ದೇನಿ. ಇನ್ನರ ಮಲಗತೇನಿ ಬಿಡಲೇ,” ಎಂದ ಅಜ್ಜ.

ಮನೆಯವರೊಬ್ಬರ ಸಹಿ ಬೇಕಿತ್ತು. ಅಪ್ಪ ಎದ್ದು ಹೋದ. ಅಜ್ಜ ಪೆನ್ನು ನನ್ನತ್ತ ಚಾಚಿದ. ಬೇಡ ಅನ್ನಬೇಕೆನಿಸಿತ್ತು. ಸಹಿ ಮಾಡಿದೆ.

ಎರಡು ತಿಂಗಳಿಗೆ ಅಜ್ಜ ತೀರಿಕೊಂಡ. ಹುನಗುಂದದ ಮೇಲೆ ಹಾದು ಆಂಬ್ಯುಲೆನ್ಸಿನಲ್ಲಿ ಬಾಗಲಕೋಟೆಗೆ ನಾನೇ ಕರೆತಂದೆ. ಅಪ್ಪ ಬರಲಿಲ್ಲ. ನನಗೆ ಅಳುವೂ ಬರಲಿಲ್ಲ. ದೇಹ ಒಪ್ಪಿಸಿಕೊಂಡು ಕಾಲೇಜಿನವರು ಕೊಟ್ಟ ಚೀಟಿಯನ್ನು ಮಡಚಿ ಪುಸ್ತಕದಲ್ಲಿಟ್ಟು ಊಟಕ್ಕೆ ಹೋದೆ. ಆ ಅನಾಟಮಿ ಹಾಲಿನ ಕಡೆ ಮತ್ತೆ ಕಾಲಿಡಲಿಲ್ಲ.

ಹೋದ ವಾರ ಮೆಸ್ಸಿನಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ನನ್ನೆದುರು ಕೂತು ರೊಟ್ಟಿ ಮುರಿಯುತ್ತ ಹೇಳಿದಳು: “ಅಕ್ಕಾರ, ಈಗ ನಮಗ ಕೈ ಕೊಯ್ಯೋದು ನಡದೈತ್ರಿ. ನಮ್ಮಜ್ಜನ ಬಲಗೈ ಕಿರುಬೆರಳು ಸೊಟ್ಟ ಐತಂತ್ರಿ.”

ಬಾಯಿಗೆ ಒಯ್ದ ತುತ್ತು ತಟ್ಟೆಗೇ ಇಳಿಯಿತು. ಅವಳೂ ಗಿಡ್ಡಿಯೇ.

“ಐತಂತ ಅಂದ್ರ? ನಿನಗ ಕಾಣಸ್ತದೇನು?”

“ಎಲ್ಲಿ ಕಾಣಸ್ತದ್ರಿ ಅಕ್ಕಾರ, ನಾ ಹಿಂದ ನಿಂದ್ರತೇನಿ. ಮುಂದಿನಾಕಿ ಹೇಳಿದ್ಲು.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಜ್ಜ ತೀರಿಕೊಂಡ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಮರುದಿನ ಅವಳ ತೋಳು ಹಿಡಿದು ಅನಾಟಮಿ ಹಾಲಿಗೆ ಹೋದೆ. “ಸರೀರಿ, ಈಕಿಗೆ ಕಾಣಂಗಿಲ್ಲ,” ಎಂದು ಎಲ್ಲರನ್ನೂ ಸರಿಸಿ ಮೇಜಿಗೆ ತಾಗಿಸಿ ನಿಲ್ಲಿಸಿದೆ. ನಾನು ಅವಳ ಹಿಂದೆ ನಿಂತೆ. ಅಲ್ಲಿಂದ ನನಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು.